ಹಾಸ್ಟೆಲ್‌ನಲ್ಲಿ ವೀಗನ್ ಊಟ: ಮೆಸ್ಸೋ, ಕುಕ್ಕರೋ, ಕೆಟಲೋ?

"ಅಣ್ಣಾ, ಇದಕ್ಕೆ ಹಾಲು ಹಾಕಿದೀರಾ?"

"ಇಲ್ಲಮ್ಮ, ಒಂದು ಹನಿ ಹಾಕಿಲ್ಲ."

"ಮತ್ತೆ ಇಷ್ಟು ಬೆಳ್ಳಗಿದೆಯಲ್ಲ?"

"ಓ ಅದಾ, ಅದು ಕ್ರೀಮು."

ಹಾಸ್ಟೆಲ್ ಸೇರಿದ ಮೊದಲ ವಾರ ಮೆಸ್ಸಿನ ಅಡುಗೆಯವರಿಗೂ ನನಗೂ ನಡೆದ ಮಾತು ಇದು. ಅವರೇನೂ ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದು ಹಾಲಿನ ಬಗ್ಗೆ, ಅವರು ಹಾಕಿದ್ದು ಕ್ರೀಮು. ವೀಗನ್ ಅಂದರೆ ಸಸ್ಯಾಹಾರಿ ತಾನೇ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸುಸ್ತಾದವರು ನೀವಾಗಿದ್ದರೆ ಈ ಬರಹ ನಿಮಗೆ. ಅಂದಹಾಗೆ, ಆ ಗೊಂದಲಕ್ಕೆ ಪದದ ಹುಟ್ಟೂ ಸ್ವಲ್ಪ ಕಾರಣ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ವೀಗನ್ ಸೊಸೈಟಿ ಕಟ್ಟಿದಾಗ 'ವೆಜಿಟೇರಿಯನ್' ಪದದ ತಲೆ ಮತ್ತು ಬಾಲವನ್ನಷ್ಟೇ ಉಳಿಸಿಕೊಂಡು ಈ ಹೊಸ ಪದ ಮಾಡಿದರು. ಹಾಲು, ಮೊಟ್ಟೆ, ಜೇನು ಯಾವುದೂ ಬೇಡ ಎಂಬ ಮುಖ್ಯ ಸಂಗತಿ ಮಾತ್ರ ಪದ ಕೇಳಿದ ತಕ್ಷಣ ಯಾರಿಗೂ ಹೊಳೆಯುವುದಿಲ್ಲ.

ಹಾಸ್ಟೆಲ್‌ನಲ್ಲಿ ಇರುವವರಿಗೆ ಇರುವ ದಾರಿಗಳು ಹೆಚ್ಚೇನಿಲ್ಲ. ಮೆಸ್ಸನ್ನೇ ನಂಬುವುದು, ರೂಮಿನಲ್ಲಿ ಒಂದು ಸಣ್ಣ ಉಪಕರಣ ಇಟ್ಟುಕೊಳ್ಳುವುದು, ಮಹಡಿಗೊಂದಿರುವ ಹಂಚಿಕೆಯ ಅಡುಗೆಮನೆ ಬಳಸುವುದು, ಇಲ್ಲವೇ ಹೊರಗಿನಿಂದ ತರಿಸುವುದು. ರುಚಿ, ಖರ್ಚು, ಸಮಯ ಎಂದು ಮೂರು ಕಾಲಮ್ಮು ಎಳೆದು ಅಂಕ ಕೊಡುವ ಕೆಲಸ ನಾನೂ ಮಾಡಿದ್ದೆ. ಆ ಪಟ್ಟಿ ಒಂದು ತಿಂಗಳೂ ಬಾಳಲಿಲ್ಲ. ಕೊನೆಗೆ ಕೆಲಸಕ್ಕೆ ಬಂದ ಅಳತೆಗೋಲು ಒಂದೇ: ನಾಳೆ ಪರೀಕ್ಷೆ, ರಾತ್ರಿ ಒಂಬತ್ತೂವರೆ, ಮೆಸ್ಸಿನ ಬಾಗಿಲು ಹಾಕಿದೆ, ಹೊಟ್ಟೆ ಚುರುಗುಟ್ಟುತ್ತಿದೆ. ಆಗ 20 ನಿಮಿಷದೊಳಗೆ ಕೈಗೆ ಏನು ಸಿಗುತ್ತದೆ, ಅದರಲ್ಲಿ ಪ್ರೋಟೀನ್ ಎಷ್ಟಿದೆ? ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ.

ಮೆಸ್ ಮಾತ್ರ

ಪಾತ್ರೆ ತೊಳೆಯುವ ಕೆಲಸವಿಲ್ಲ, ಗೆಳೆಯರ ಜೊತೆ ಕೂತು ಉಣ್ಣಬಹುದು, ಹೇಗೂ ದುಡ್ಡು ಕಟ್ಟಿಯಾಗಿದೆ. ಮೆಸ್ಸಿನ ಪರವಾಗಿ ಇರುವ ಈ ಮೂರು ಮಾತೂ ನಿಜ. ಅದರಲ್ಲೂ ಎರಡನೆಯದನ್ನು ಹಗುರವಾಗಿ ನೋಡಬೇಡಿ. ರೂಮಿನಲ್ಲಿ ಒಬ್ಬರೇ ಕುಕ್ಕರ್ ಮುಂದೆ ಕೂತು ಉಂಡು ಉಂಡು ವೀಗನ್ ಊಟವನ್ನೇ ಬಿಟ್ಟವರನ್ನು ನೋಡಿದ್ದೇನೆ. ಅವರಿಗೆ ಊಟ ಸಾಕಾಗಿರಲಿಲ್ಲ, ಒಂಟಿತನ ಸಾಕಾಗಿತ್ತು.

ಮೆಸ್ಸನ್ನು ಅಳೆಯುವ ಬಗೆ ಹೀಗೆ. ಗೋಡೆಗೆ ಅಂಟಿಸಿರುವ ವಾರದ ಮೆನುವಿನ ಫೋಟೊ ತೆಗೆದುಕೊಳ್ಳಿ. ತರಕಾರಿ, ಅನ್ನ, ಬ್ರೆಡ್, ಆಲೂಗಡ್ಡೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅವು ಎಲ್ಲ ಕಡೆಯೂ ಇರುತ್ತವೆ. ಬೇಳೆ, ಕಾಳು, ಸೋಯಾ, ತೋಫು (ಸೋಯಾ ಹಾಲಿನ ಪನೀರ್) ಇವುಗಳಲ್ಲಿ ಒಂದಾದರೂ ಬರುವ ಹೊತ್ತುಗಳಿಗೆ ಮಾತ್ರ ಗುರುತು ಹಾಕಿ. ವಾರಕ್ಕೆ 14 ಮುಖ್ಯ ಊಟದಲ್ಲಿ ಹತ್ತಕ್ಕಿಂತ ಹೆಚ್ಚು ಗುರುತು ಬಿದ್ದರೆ ಮೆಸ್ಸನ್ನು ನಂಬಬಹುದು. ಐದಾರೇ ಬಿದ್ದರೆ ನೀವು ಹೊಟ್ಟೆ ತುಂಬ ಉಂಡರೂ ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತು ಹುಡುಕುತ್ತೀರಿ. ಹಾಗೆ ಹುಡುಕುವವರನ್ನು ನೋಡಿ 'ಸೊಪ್ಪುಸದೆ ತಿಂದರೆ ಹೀಗೇ' ಎಂದು ನಗುವ ರೂಮ್‌ಮೇಟ್ ಎಲ್ಲರಿಗೂ ಒಬ್ಬರು ಇರುತ್ತಾರೆ.

ಇನ್ನು ಕೇಳುವ ರೀತಿ. 'ಇದು ವೀಗನ್ನಾ?' ಎಂದು ಕೇಳಿದರೆ ಪ್ರಯೋಜನ ಇಲ್ಲ. 'ಹಾಲಿದೆಯಾ?' ಎಂಬುದೂ ಸಾಲದು ಎಂದು ಮೇಲೆಯೇ ನೋಡಿದಿರಿ. ನಾನು ಆಮೇಲೆ ಕೇಳತೊಡಗಿದ್ದು ಎರಡೇ ಪ್ರಶ್ನೆ. ಒಂದು, 'ಇದನ್ನು ಯಾವುದರಲ್ಲಿ ಹುರಿದಿದ್ದು?' ಬೆಣ್ಣೆಯೋ ಎಣ್ಣೆಯೋ ಎಂಬುದು ತಾನಾಗಿ ಹೊರಬರುತ್ತದೆ. ಎರಡು, 'ಇಳಿಸುವ ಮುಂಚೆ ಕೊನೆಗೆ ಏನು ಹಾಕಿದ್ರಿ?' ಕ್ರೀಮು, ಚೀಸು, ಮೊಸರು, ಜೇನು ಎಲ್ಲ ಬಂದು ಬೀಳುವುದು ಆ ಕೊನೆಯ ಎರಡು ನಿಮಿಷದಲ್ಲಿ. ಬಡಿಸುವ ಸಾಲಿನಲ್ಲಿ ನಿಂತು, ಹಿಂದೆ ನಲವತ್ತು ಜನ ತಟ್ಟೆ ಹಿಡಿದು ಕಾಯುತ್ತಿರುವಾಗ ಇದನ್ನೆಲ್ಲ ಕೇಳಬೇಡಿ. ಅಡುಗೆಮನೆ ಖಾಲಿ ಇರುವ ಮಧ್ಯಾಹ್ನದ ಹೊತ್ತಿಗೆ ಹೋಗಿ, ನಾಳೆಯದನ್ನು ಇವತ್ತೇ ಕೇಳಿ.

ಬೇಡಿಕೆ ಇಡುವುದಾದರೆ ಸಣ್ಣದನ್ನು ಇಡಿ. 'ನಮಗೆ ಬೇರೆ ಅಡುಗೆ ಮಾಡಿ' ಎಂದರೆ ಯಾವ ಮೆಸ್ಸೂ ಒಪ್ಪುವುದಿಲ್ಲ. 'ಬೆಣ್ಣೆ, ಕ್ರೀಮನ್ನು ಪಕ್ಕದಲ್ಲಿ ಬಟ್ಟಲಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ' ಎಂದರೆ ಅವರಿಗೆ ಕೆಲಸ ಹೆಚ್ಚುವುದಿಲ್ಲ, ಬೆಣ್ಣೆಯ ಖರ್ಚೂ ಇಳಿಯುತ್ತದೆ. ಇದು ನಮ್ಮಲ್ಲಿ ನಡೆಯಿತು, ಅದೂ ಏಳು ಜನ ಸಹಿ ಹಾಕಿದ ಒಂದು ಹಾಳೆಯಿಂದ. ದೊಡ್ಡ ಬದಲಾವಣೆಗಳು ಆಗುವುದೇ ಇಲ್ಲ ಎಂದಲ್ಲ. ಅಮೆರಿಕದ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ 2011ರಲ್ಲಿ ತನ್ನ ಒಂದು ಭೋಜನಶಾಲೆಯನ್ನೇ ಪೂರ್ತಿ ವೀಗನ್ ಮಾಡಿತು. ನಿಮ್ಮ ಹಾಸ್ಟೆಲ್ ಅಲ್ಲಿಗೆ ಮುಟ್ಟುವ ಹೊತ್ತಿಗೆ ನಿಮ್ಮ ಡಿಗ್ರಿ ಮುಗಿದಿರುತ್ತದೆ, ಅಷ್ಟೆ.

ರಾತ್ರಿ ಒಂಬತ್ತೂವರೆಯ ಪರೀಕ್ಷೆಯಲ್ಲಿ ಮೆಸ್‌ಗೆ ಸೊನ್ನೆ. ಬಾಗಿಲು ಹಾಕಿದ ಮೇಲೆ ಅದು ಇದ್ದೂ ಇಲ್ಲದಂತೆ. ಆದ್ದರಿಂದ ಮೆಸ್ ಎಷ್ಟೇ ಚೆನ್ನಾಗಿದ್ದರೂ ಅದೊಂದೇ ಸಾಕು ಎಂದು ನಾನು ಹೇಳಲಾರೆ. ಮಧ್ಯಾಹ್ನಕ್ಕೆ ಮಾತ್ರ ದುಡ್ಡು ಕಟ್ಟುವ ಅರ್ಧ ಪ್ಲಾನ್ ಇದೆಯೇ ಎಂದು ಸೆಮಿಸ್ಟರ್ ಶುರುವಾಗುವ ಮೊದಲೇ ವಿಚಾರಿಸಿಕೊಳ್ಳಿ.

ರೂಮಿನಲ್ಲಿ ಒಂದು ಉಪಕರಣ

ಯಾವುದು ರುಚಿಯಾಗಿ ಬೇಯಿಸುತ್ತದೆ ಎನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ಯಾವುದಕ್ಕೆ ಅನುಮತಿ ಇದೆ ಮತ್ತು ನಿಮ್ಮ ಪ್ಲಗ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನು. ಇಂಡಕ್ಷನ್ ಒಲೆ 1800ರಿಂದ 2000 ವ್ಯಾಟ್ ಎಳೆಯುತ್ತದೆ. 230 ವೋಲ್ಟ್ ಲೈನಿನಲ್ಲಿ 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್, 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅದು ಜಾಸ್ತಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದರಂತೂ ವಯರ್ ಬಿಸಿಯಾಗುವುದು ಕೈಗೇ ತಿಳಿಯುತ್ತದೆ. ಕೆಟಲ್‌ಗಳೂ 1500 ವ್ಯಾಟಿನ ಆಸುಪಾಸಿನಲ್ಲಿರುತ್ತವೆ, ಆದರೆ ನಾಲ್ಕೈದು ನಿಮಿಷ ಮಾತ್ರ. ಒಬ್ಬರಿಗೆ ಸಾಕಾಗುವ ಸಣ್ಣ ರೈಸ್ ಕುಕ್ಕರ್ 300ರಿಂದ 400 ವ್ಯಾಟ್, ಅಷ್ಟೆ. ಇಂಡಕ್ಷನ್ ಬೇಡ ಎನ್ನುವ ವಾರ್ಡನ್‌ಗಳು ಕುಕ್ಕರಿಗೆ ಕೆಲವೊಮ್ಮೆ ಹೂಂ ಅನ್ನುವುದು ಇದಕ್ಕೇ.

ಕೆಟಲ್ ಎಲ್ಲರೂ ಮೊದಲು ಕೊಳ್ಳುವ ವಸ್ತು. ನೀರು ಕಾಯಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಕಷ್ಟ ಶುರುವಾಗುವುದು ಅದರಲ್ಲಿ ನೀರು ಬಿಟ್ಟು ಬೇರೆ ಏನಾದರೂ ಹಾಕಿದಾಗ. ನನಗೂ ಒಂದು ರಾತ್ರಿ ಬುದ್ಧಿ ಕೆಟ್ಟು ಮಸೂರ ಬೇಳೆ ಹಾಕಿದೆ. ಬೇಳೆ ಕುದಿಯುವಾಗ ನೊರೆ ಬರುತ್ತದೆ ಎಂಬುದು ಗೊತ್ತಿದ್ದ ವಿಷಯವೇ. ಉಕ್ಕದಿರಲಿ ಎಂದು ಮುಚ್ಚಳ ತೆರೆದಿಟ್ಟೆ. ಕೆಟಲ್ ತಾನಾಗಿ ಆಫ್ ಆಗುವುದು ಒಳಗಿನ ಹಬೆ ಒಂದು ಸಣ್ಣ ಲೋಹದ ಬಿಲ್ಲೆಗೆ ತಗುಲಿದಾಗ. ಮುಚ್ಚಳ ತೆರೆದಿದ್ದರೆ ಹಬೆ ಅತ್ತ ಹೋಗುವುದೇ ಇಲ್ಲ, ಅದು ಕುದಿಯುತ್ತಲೇ ಇರುತ್ತದೆ. ಕೇಸರಿ ನೊರೆ ಮೂತಿಯಿಂದ ಇಳಿದು, ಕೆಟಲಿನ ಬುಡಕ್ಕೆ ಹರಿದು, ಟಪ್ ಎಂದು ಇಡೀ ಮಹಡಿಯ ಕರೆಂಟು ಹೋಯಿತು. ಕತ್ತಲಲ್ಲಿ ಕಾರಿಡಾರಿನ ಆಚೆ ತುದಿಯಿಂದ ಯಾರೋ 'ಯಾರ್ರೀ ಅದು?' ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಮರುದಿನ ಕೆಟಲ್ ಜಪ್ತಿಯಾಯಿತು.

ಆದ್ದರಿಂದ ಕೆಟಲ್ ಇದ್ದರೆ ಅದರ ಜೊತೆ ಅಗಲ ಬಾಯಿಯ ಒಂದು ಸ್ಟೀಲ್ ಫ್ಲಾಸ್ಕ್ ಇರಲಿ. ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಫ್ಲಾಸ್ಕನ್ನೇ ಬಿಸಿ ಮಾಡಿ, ಆ ನೀರು ಚೆಲ್ಲಿ, ಓಟ್ಸ್ ಅಥವಾ ಸಣ್ಣ ಸೋಯಾ ಚಂಕ್ಸ್ ಹಾಕಿ ಮತ್ತೆ ಕುದಿಯುವ ನೀರು ತುಂಬಿ ಮುಚ್ಚಿ. ಕಾಲು ಗಂಟೆಗೆ ಸಿದ್ಧ. ತೆಳು ಶಾವಿಗೆಯೂ ಆಗುತ್ತದೆ. ಒಣ ಕಾಳು ಮಾತ್ರ ಇದರಲ್ಲಿ ಬೇಡ. ಕೆಂಪು ಕಿಡ್ನಿ ಬೀನ್ಸಿನಲ್ಲಂತೂ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಅದು ಸಾಯಬೇಕಾದರೆ ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗಳಗಳ ಕುದಿಸಲೇಬೇಕು. ಹತ್ತು ನಿಮಿಷ ಕನಿಷ್ಠ, ಅರ್ಧ ಗಂಟೆ ಕುದಿಸಿದರೆ ಇನ್ನೂ ನಿಶ್ಚಿಂತೆ. ಫ್ಲಾಸ್ಕಾಗಲಿ, ಕಡಿಮೆ ಉರಿಯ ಸ್ಲೋ ಕುಕ್ಕರಾಗಲಿ ಆ ಶಾಖಕ್ಕೆ ಹೋಗುವುದಿಲ್ಲ. ಅರೆಬೆಂದ ಕಾಳು ತಿಂದು ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾದರೆ ಬೈಗುಳ ತಿನ್ನುವುದು ಪಾಪ ಮೆಸ್ಸಿನ ಊಟ. ಡಬ್ಬಿಯಲ್ಲಿ ಬರುವ ಕಾಳು ಆಗಲೇ ಬೆಂದಿರುತ್ತದೆ, ಅದಕ್ಕೆ ಈ ಭಯವಿಲ್ಲ.

ಮೈಕ್ರೋವೇವ್ ಸಾಮಾನ್ಯವಾಗಿ ಕಾಮನ್ ರೂಮಿನಲ್ಲಿರುತ್ತದೆ, ಹಾಗಾಗಿ ಕೊಳ್ಳುವ ಖರ್ಚಿಲ್ಲ. ಆಲೂಗಡ್ಡೆ, ಸಿಹಿಗೆಣಸು, ಫ್ರೋಜನ್ ಬಟಾಣಿ, ಡಬ್ಬಿಯ ಕಾಳು (ಡಬ್ಬಿಯಿಂದ ತೆಗೆದು, ಲೋಹವನ್ನು ಒಳಗಿಡಬೇಡಿ), ತೋಫು ಇದಕ್ಕೆಲ್ಲ ಒಳ್ಳೆಯದು. ಒಣ ಬೇಳೆ ಬೇಯಿಸಲು ಹೋದರೆ ಅರ್ಧ ಉಕ್ಕಿ ತಟ್ಟೆಗೆ, ಅರ್ಧ ಕಲ್ಲಾಗಿ ಬಟ್ಟಲಲ್ಲಿ. ಮಧ್ಯೆ ನಿಲ್ಲಿಸಿ ಕಲಕಿ, ಶಾಖ ಸಮವಾಗಿ ಹರಡುವುದಿಲ್ಲ.

ಈಗ ರೈಸ್ ಕುಕ್ಕರ್. ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ: ಒಂದೇ ಒಂದು ಉಪಕರಣಕ್ಕೆ ಜಾಗವಿದ್ದರೆ ಇದೇ ಆಗಲಿ. ಪಾತ್ರೆಯಲ್ಲಿ ನೀರು ಇರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ. ನೀರು ಇಂಗಿದ ಕೂಡಲೇ ತಳ ಅದಕ್ಕಿಂತ ಬಿಸಿಯಾಗುತ್ತದೆ, ತಳದಲ್ಲಿರುವ ಆಯಸ್ಕಾಂತದ ಹಿಡಿತ ಸಡಿಲಾಗಿ ಸ್ವಿಚ್ ಟಕ್ ಎಂದು ಮೇಲೇಳುತ್ತದೆ. ಅಂದರೆ ನೀವು ಓದುತ್ತಾ ಮರೆತರೂ ಅದು ಮರೆಯುವುದಿಲ್ಲ. 1955ರಲ್ಲಿ ಜಪಾನಿನ ತೋಶಿಬಾ ಮೊದಲ ಸ್ವಯಂಚಾಲಿತ ಕುಕ್ಕರನ್ನು ಮಾರುಕಟ್ಟೆಗೆ ತಂದಾಗ ಹಾಸ್ಟೆಲ್ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ, ಆದರೂ ಅದು ನಮಗೆಂದೇ ಮಾಡಿದ ಹಾಗಿದೆ.

ನನ್ನ ಪರೀಕ್ಷೆಯ ರಾತ್ರಿಗಳ ಊಟ ಹೀಗಿರುತ್ತಿತ್ತು. ಅರ್ಧ ಲೋಟ ಅಕ್ಕಿ, ಕಾಲು ಲೋಟ ಮಸೂರ ಬೇಳೆ, ಒಂದು ಹಿಡಿ ಸೋಯಾ ಚಂಕ್ಸ್, ಕತ್ತರಿಸಿದ ಒಂದು ಟೊಮೆಟೊ, ಉಪ್ಪು, ಚಿಟಿಕೆ ಅರಿಶಿನ, ಮೂರು ಲೋಟ ನೀರು. ಮಸೂರವೇ ಏಕೆಂದರೆ ಸಿಪ್ಪೆ ತೆಗೆದ ಆ ಕೇಸರಿ ಬೇಳೆಗೆ ನೆನೆಸುವ ಕೆಲಸವಿಲ್ಲ, 15ರಿಂದ 20 ನಿಮಿಷದಲ್ಲಿ ಕರಗಿಹೋಗುತ್ತದೆ. ಮೊದಲ ಹತ್ತು ನಿಮಿಷ ಮುಚ್ಚಳವನ್ನು ಓರೆ ಮಾಡಿಡಿ, ಇಲ್ಲದಿದ್ದರೆ ಇದೂ ಉಕ್ಕುತ್ತದೆ. ಬೆಂದ ಮೇಲೆ ನಿಂಬೆ ಹಿಂಡಿ. ನಿಂಬೆ ರುಚಿಗೆ ಮಾತ್ರವಲ್ಲ, ಅದರ ವಿಟಮಿನ್ ಸಿ ಬೇಳೆಯ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದೇ ಕಬ್ಬಿಣ ಒಳಗೆ ಹೋಗದಂತೆ ಟೀ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಕುಕ್ಕರಿಗೂ ಒಂದು ದೋಷವಿದೆ. 'ವಾರ್ಮ್'ನಲ್ಲಿ ಬಿಟ್ಟ ಅನ್ನ ಬೆಳಿಗ್ಗೆಗೂ ಆಗುತ್ತದೆ ಎಂಬ ಆಸೆಯನ್ನು ಅದು ಹುಟ್ಟಿಸುತ್ತದೆ. ಸ್ವಿಚ್ ತೆಗೆದು ಹಾಗೇ ಮಲಗಿದರೆ, ಬೇಯಿಸಿದಾಗಲೂ ಸಾಯದೆ ಉಳಿದ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಕಗಳು ತಣ್ಣಗಾಗುವ ಅನ್ನದಲ್ಲಿ ಎಚ್ಚೆತ್ತು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಫ್ರಿಜ್ ಇಲ್ಲವೇ, ಒಂದು ಹೊತ್ತಿಗೆ ಆಗುವಷ್ಟೇ ಬೇಯಿಸಿ.

ಹಂಚಿಕೆಯ ಅಡುಗೆಮನೆ

ಇದ್ದರೆ ಅದೃಷ್ಟ. ನಿಜವಾದ ಒಲೆ, ದೊಡ್ಡ ಪಾತ್ರೆ, ಫ್ರಿಜ್ ಎಲ್ಲ ಇರುವುದರಿಂದ ಭಾನುವಾರ ಕಾಳು ಬೇಯಿಸಿ ಸಣ್ಣ ಡಬ್ಬಿಗಳಲ್ಲಿ ಹಂಚಿಟ್ಟುಕೊಳ್ಳಬಹುದು. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ಇನ್ನೂ ಹೆಚ್ಚು.

ತೊಂದರೆ ಬರುವುದು ಮನುಷ್ಯರಿಂದ. ಹೆಸರು ಬರೆದ ಚೀಟಿ ಅಂಟಿಸಿದ ಡಬ್ಬಿಯಿಂದಲೂ ಸೋಯಾ ಹಾಲು ಕಾಣೆಯಾಗುತ್ತದೆ. ವೀಗನ್ ಊಟ ಯಾರಿಗೂ ಇಷ್ಟವಿಲ್ಲ ಎನ್ನುವವರೇ ರಾತ್ರಿ ಅದನ್ನು ಖಾಲಿ ಮಾಡಿರುತ್ತಾರೆ. ತೋಫು ಮಾತ್ರ ಯಾರೂ ಕದಿಯುವುದಿಲ್ಲ, ಅದನ್ನು ಧೈರ್ಯವಾಗಿ ಇಡಿ. ಪ್ಯಾಕೆಟ್ ಒಡೆದ ಮೇಲೆ ನೀರಿನಲ್ಲಿ ಮುಳುಗಿಸಿ, ನೀರನ್ನು ದಿನಾ ಬದಲಿಸಿದರೆ ಮೂರರಿಂದ ಐದು ದಿನ ಕೆಡುವುದಿಲ್ಲ. ಬಾಣಲೆ, ಸೌಟು ಎಲ್ಲರ ಕೈಯಲ್ಲೂ ಓಡಾಡುವುದರಿಂದ ಮಾಂಸ, ಬೆಣ್ಣೆಯ ಸೋಂಕು ನಿಮಗೆ ತೀರಾ ಕಿರಿಕಿರಿ ಎನಿಸಿದರೆ ನಿಮ್ಮದೇ ಒಂದು ಪಾತ್ರೆ, ಒಂದು ಚಾಕು ರೂಮಿನಲ್ಲಿಡಿ. ಒಂಬತ್ತೂವರೆಗೆ ಒಲೆ ಖಾಲಿ ಇರುವುದು ಅಪರೂಪ. ಆ ಹೊತ್ತಿಗೆ ಉಪಯೋಗಕ್ಕೆ ಬರುವುದು ಭಾನುವಾರ ಮಾಡಿಟ್ಟ ಡಬ್ಬಿಯೇ.

ಹೊರಗಿನಿಂದ ತರಿಸುವುದು

ಎಲ್ಲಕ್ಕಿಂತ ದುಬಾರಿ, ಮತ್ತು ಏನು ಹಾಕಿದ್ದಾರೆ ಎಂದು ಕೇಳಲು ಎದುರಿಗೆ ಯಾರೂ ಇರುವುದಿಲ್ಲ. ಹುಟ್ಟುಹಬ್ಬಕ್ಕೆ, ಜ್ವರ ಬಂದಾಗ ಸರಿ. ದಿನಚರಿಗೆ ಬೇಡ.

ಅಂಗಡಿಯ ಪೊಟ್ಟಣಗಳ ಬಗ್ಗೆ ಮಾತ್ರ ಎರಡು ಮಾತು, ಏಕೆಂದರೆ ಅವು ಎಲ್ಲ ದಾರಿಯಲ್ಲೂ ಬಂದೇ ಬರುತ್ತವೆ. ಕೆಸೀನ್, ವೇ, ಲ್ಯಾಕ್ಟೋಸ್, ಮಿಲ್ಕ್ ಸಾಲಿಡ್ಸ್ ಇವು ಹಾಲಿನ ಬೇರೆ ಬೇರೆ ವೇಷಗಳು. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದ್ದು. ಇ120 ಎಂದಿದ್ದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ901 ಜೇನುಮೇಣ, ಇ904 ಅರಗು. ಮೋಸ ಹೋಗುವುದು ಹೆಚ್ಚಾಗಿ 'ನಾನ್-ಡೇರಿ' ಎಂದು ದೊಡ್ಡದಾಗಿ ಬರೆದ, ಕಾಫಿಗೆ ಹಾಲಿನ ಬದಲು ಹಾಕುವ ಕ್ರೀಮರ್ ಪುಡಿಗಳಲ್ಲಿ. ಹಿಂದೆ ತಿರುಗಿಸಿ ಓದಿದರೆ ಸೋಡಿಯಂ ಕೆಸಿನೇಟ್ ಸಿಗುತ್ತದೆ, ಅದು ಹಾಲಿನದೇ ಪ್ರೋಟೀನ್. ಅದೇ 'ಹಾಲಿನ ಅಂಶ ಇರಬಹುದು' ಎಂಬ ಎಚ್ಚರಿಕೆ ಸಾಲು ಬೇರೆ. ಹಾಲಿನ ಪದಾರ್ಥ ತಯಾರಾಗುವ ಜಾಗದಲ್ಲೇ ಇದೂ ತಯಾರಾಗಿದೆ ಎಂದು ಅಲರ್ಜಿ ಇರುವವರಿಗೆ ಹೇಳುವ ಮಾತು ಅದು. ಅದನ್ನು ನೋಡಿ ನಾನು ಬಿಡುವುದಿಲ್ಲ, ನಿಮ್ಮಿಷ್ಟ ನಿಮ್ಮದು.

ಯಾವ ಹಾಲು?

ಸೋಯಾ, ಓಟ್ಸ್, ಬಾದಾಮಿ ಮೂರನ್ನೂ ಸಾಲಾಗಿಟ್ಟರೆ ರೂಮ್‌ಮೇಟ್‌ಗಳು ಓಟ್ಸ್‌ಗೆ ಓಟು ಹಾಕುತ್ತಾರೆ. ಕಾಫಿಗೆ ಅದೇ ಚೆನ್ನ, ನಾನೂ ಒಪ್ಪುತ್ತೇನೆ. ಆದರೆ 250 ಮಿ.ಲೀ. ಲೋಟದಲ್ಲಿ ಪ್ರೋಟೀನ್ ನೋಡಿ: ಸೋಯಾದಲ್ಲಿ 7ರಿಂದ 8 ಗ್ರಾಂ, ಓಟ್ಸ್‌ನಲ್ಲಿ 2ರಿಂದ 4, ಬಾದಾಮಿಯಲ್ಲಿ ಸುಮಾರು 1. ಬಾದಾಮಿ ಹಾಲು ಎಂದರೆ ಬಹುಪಾಲು ನೀರು, ಬಾದಾಮಿ ಬೇಕಾದರೆ ನಾಲ್ಕು ಬಾದಾಮಿಯನ್ನೇ ತಿನ್ನಿ. ಮೆಸ್ಸಿನಲ್ಲಿ ಪ್ರೋಟೀನ್ ಕಡಿಮೆ ಇರುವವರು ಸೋಯಾ ಬಿಟ್ಟು ಬೇರೆ ಯೋಚಿಸಬೇಡಿ. ಮೆಸ್ ಚೆನ್ನಾಗಿದ್ದರೆ ಓಟ್ಸ್ ಹಾಲಿನ ಸುಖವನ್ನು ಯಾಕೆ ಬಿಡಬೇಕು?

ಯಾವುದೇ ಆದರೂ ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳಿ. 100 ಮಿ.ಲೀ.ಗೆ 120 ಮಿ.ಗ್ರಾಂ ಎಂದು ಲೇಬಲ್ಲಿನಲ್ಲಿದ್ದರೆ ಅದು ಹಸುವಿನ ಹಾಲಿಗೆ ಸಮ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುತ್ತದೆ, ಹಾಗಾಗಿ ಪ್ಯಾಕೆಟ್ಟನ್ನು ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ. ಅಲ್ಲಾಡಿಸದೆ ಕುಡಿದವರು ಕ್ಯಾಲ್ಸಿಯಮ್ಮನ್ನು ಕಸದ ಬುಟ್ಟಿಗೆ ಹಾಕಿದ ಹಾಗೆ. ಫ್ರಿಜ್ ಇಲ್ಲದವರು ಒಂದು ಲೀಟರಿನ ಪ್ಯಾಕ್ ಕೊಳ್ಳದೆ 200 ಮಿ.ಲೀ. ಚಿಕ್ಕ ಪ್ಯಾಕುಗಳನ್ನು ಇಟ್ಟುಕೊಳ್ಳಿ. ಒಡೆಯದೆ ಇದ್ದರೆ ಮಂಚದ ಕೆಳಗೂ ತಿಂಗಳುಗಟ್ಟಲೆ ಇರುತ್ತವೆ. ಪಾಲಕ್ ಸೊಪ್ಪಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ ಎಂದು ಯಾರಾದರೂ ಹೇಳಿದರೆ, ಇದೆ, ಆದರೆ ಅದರಲ್ಲಿನ ಆಕ್ಸಲೇಟ್ ಅದನ್ನು ಕಟ್ಟಿಹಾಕುತ್ತದೆ, ಮೈಗೆ ಸೇರುವುದು ಅತ್ಯಲ್ಪ.

ಪ್ರೋಟೀನ್ ಲೆಕ್ಕ, ಒಮ್ಮೆ ಮಾತ್ರ

ದಿನಾ ಲೆಕ್ಕ ಹಾಕುತ್ತಾ ಕೂತರೆ ಊಟದ ಮೇಲೇ ಜಿಗುಪ್ಸೆ ಬರುತ್ತದೆ. ಒಂದು ಸಲ ಹಾಕಿ ಮರೆತುಬಿಡಿ. ವಯಸ್ಕರಿಗೆ ತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂ ಎಂಬುದು ಸಾಮಾನ್ಯ ಅಳತೆ. 60 ಕೆ.ಜಿ. ಇರುವವರಿಗೆ 48 ಗ್ರಾಂ. ಬೆಳಿಗ್ಗೆ 50 ಗ್ರಾಂ ಓಟ್ಸ್, ಒಂದು ಲೋಟ ಸೋಯಾ ಹಾಲು ಸೇರಿ ಸುಮಾರು 14. ಮಧ್ಯಾಹ್ನ ಮೆಸ್ಸಿನಲ್ಲಿ ಅನ್ನದ ಜೊತೆ ದೊಡ್ಡ ಬಟ್ಟಲು ಗಟ್ಟಿ ಬೇಳೆ ಸಿಕ್ಕರೆ 20ರ ಹತ್ತಿರ. ಸಂಜೆ ಬ್ರೆಡ್ಡಿಗೆ ಎರಡು ಚಮಚ ಪೀನಟ್ ಬಟರ್, ಅದರಲ್ಲೇ 7. ಅಲ್ಲಿಗೆ 41 ಆಯಿತು. ರಾತ್ರಿ 30 ಗ್ರಾಂ ಒಣ ಸೋಯಾ ಚಂಕ್ಸ್ ಕುಕ್ಕರಿಗೆ ಬಿದ್ದರೆ ಇನ್ನೂ 15. ದಾಟಿತು.

ಮಧ್ಯಾಹ್ನದ 'ಗಟ್ಟಿ' ಎಂಬ ಪದವನ್ನು ಮರೆಯಬೇಡಿ. ಮೆಸ್ಸಿನ ಬೇಳೆ ಎಷ್ಟೋ ಸಲ ಬೇಳೆಯ ನೆನಪಿರುವ ನೀರು. ಸೌಟನ್ನು ತಳಕ್ಕೆ ಬಿಟ್ಟು ಬಡಿಸಿ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಅದೂ ಆಗದಿದ್ದರೆ 400 ಗ್ರಾಂ ಡಬ್ಬಿಯ ಕಾಬೂಲ್ ಕಡಲೆ ಇದೆ. ನೀರು ಬಸಿದ ಮೇಲೆ 240 ಗ್ರಾಂ ಉಳಿಯುತ್ತದೆ, ಅದರಲ್ಲಿ 15 ಗ್ರಾಂ ಮೇಲೆ ಪ್ರೋಟೀನ್. ತೆರೆದು, ತೊಳೆದು, ಉಪ್ಪು ನಿಂಬೆ ಹಾಕಿ ಹಾಗೇ ತಿನ್ನಬಹುದು. ಉಪಕರಣಗಳಿಗೆ ಪೂರ್ತಿ ನಿಷೇಧ ಇರುವ ಹಾಸ್ಟೆಲ್‌ಗಳಲ್ಲಿ ಈ ಡಬ್ಬಿ, ಪೀನಟ್ ಬಟರ್, ರಾತ್ರಿ ನೆನೆಸಿಟ್ಟ ಓಟ್ಸ್, ಬಾಳೆಹಣ್ಣು ಇವಿಷ್ಟರಿಂದಲೇ ಒಂದು ಸೆಮಿಸ್ಟರ್ ದಾಟಿಸಬಹುದು, ರುಚಿಯ ಮಾತು ಬೇರೆ. ಮೊಳಕೆಕಾಳು ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಆದರೆ ಬೆಚ್ಚಗಿನ ತೇವದಲ್ಲಿ ಮೊಳಕೆಯ ಜೊತೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಬೇಯಿಸಲು ಅನುಕೂಲವಿಲ್ಲದವರು ಹಸಿ ಮೊಳಕೆಯನ್ನು ನೆಚ್ಚಿಕೊಳ್ಳದಿರುವುದು ಮೇಲು.

ವಿಟಮಿನ್ ಬಿ12: ಪುಷ್ಟೀಕರಿಸಿದ ಆಹಾರವೋ ಮಾತ್ರೆಯೋ

ಇಲ್ಲಿ ನಾನು ಎರಡೂ ಕಡೆ ಮಾತಾಡುವುದಿಲ್ಲ. ಹಾಸ್ಟೆಲ್‌ನಲ್ಲಿ ಇರುವವರಿಗೆ ಮಾತ್ರೆ.

ಬಿ12 ಅನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತವೆ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿ ಇದೆ ಎಂದು ಮಾರುತ್ತಾರೆ, ಅದರಲ್ಲಿರುವುದು ಬಹುತೇಕ ನಮ್ಮ ಮೈಗೆ ಬಳಸಲು ಬಾರದ ನಕಲಿ ರೂಪ. ವೀಗನ್ ಸೊಸೈಟಿ ಕೊಡುವ ಸಲಹೆಯಲ್ಲಿ ಮೂರು ಆಯ್ಕೆಗಳಿವೆ: ಬಿ12 ಸೇರಿಸಿದ ಆಹಾರದಿಂದ ದಿನಕ್ಕೆ ಕನಿಷ್ಠ 3 ಮೈಕ್ರೊಗ್ರಾಂ, ಅಥವಾ ದಿನಕ್ಕೊಂದು 10 ಮೈಕ್ರೊಗ್ರಾಂ ಮಾತ್ರೆ, ಅಥವಾ ವಾರಕ್ಕೊಮ್ಮೆ 2000 ಮೈಕ್ರೊಗ್ರಾಂ. ವಾರದ್ದು ಇಷ್ಟು ದೊಡ್ಡದೇಕೆ ಎಂದರೆ, ಒಂದು ಸಲಕ್ಕೆ ನಮ್ಮ ಕರುಳು ಸಲೀಸಾಗಿ ಹೀರುವುದು ಎರಡು ಮೈಕ್ರೊಗ್ರಾಮಿನಷ್ಟು ಮಾತ್ರ, ಅದರ ಮೇಲೆ ಹೋದದ್ದರಲ್ಲಿ ಶೇ. 1ರಷ್ಟು ಹೇಗೋ ನುಸುಳುತ್ತದೆ.

ಮೊದಲ ಆಯ್ಕೆ ಪುಸ್ತಕದ ಮೇಲೆ ಚೆಂದ. ಹಾಸ್ಟೆಲ್‌ನಲ್ಲಿ ಹಾಲು ಖಾಲಿಯಾಗುತ್ತದೆ, ರಜೆ ಬರುತ್ತದೆ, ಬ್ರ್ಯಾಂಡ್ ಬದಲಾಗುತ್ತದೆ, ಲೆಕ್ಕ ತಪ್ಪುತ್ತದೆ. ತಪ್ಪಿದ್ದು ಕೂಡಲೇ ಗೊತ್ತಾದರೆ ಒಳ್ಳೆಯದಿತ್ತು. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ, ಕೈಕಾಲು ಜೋಮು, ಸುಸ್ತು, ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯ ಕಾಲದಲ್ಲಿ ಸುಸ್ತು, ಮರೆವು ಯಾರಿಗಿಲ್ಲ ಎಂದು ನೀವೂ ಸುಮ್ಮನಿರುತ್ತೀರಿ. ನಾನು ಭಾನುವಾರ ಬಟ್ಟೆ ಒಗೆಯಲು ಹಾಕುವ ಹೊತ್ತಿಗೆ ವಾರದ ಮಾತ್ರೆ ನುಂಗುತ್ತಿದ್ದೆ. ಬಟ್ಟೆ ಒಗೆಯುವುದು ಮರೆತ ಭಾನುವಾರಗಳಲ್ಲಿ ಮಾತ್ರೆಯೂ ಮರೆತಿದೆ, ಅಂಥ ಭಾನುವಾರ ಎರಡು ಮೂರು ಇದ್ದವು.

ಅಯೋಡಿನ್‌ಗೆ ಅಯೋಡೀಕರಿಸಿದ ಉಪ್ಪು ಸಾಕು. ಒಮೆಗಾ-3ಗೆ ದಿನಕ್ಕೊಂದು ಚಮಚ ಅಗಸೆ ಬೀಜದ ಪುಡಿ. ಇಡೀ ಬೀಜ ನುಂಗಿದರೆ ಹೋದ ಹಾಗೇ ಹೊರಬರುತ್ತದೆ. ವಿಟಮಿನ್ ಡಿ ಮಾತ್ರೆ ಕೊಳ್ಳುವುದಾದರೆ ಲೇಬಲ್ ನೋಡಿ, ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನದು. ಡಿ2 ಅಥವಾ ಕಲ್ಲುಹೂವಿನಿಂದ ತೆಗೆದ ಡಿ3 ಸಿಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮೆನುವಿನಲ್ಲಿ ಗುರುತು ಹತ್ತು ದಾಟಿದವರು ಮೆಸ್ಸನ್ನೇ ಆರಿಸಿ, ರೂಮಿನಲ್ಲಿ ಡಬ್ಬಿ ಕಾಳು ಮತ್ತು ಪೀನಟ್ ಬಟರ್ ಇಡಿ. ಗುರುತು ಕಡಿಮೆ ಇದ್ದು ಕುಕ್ಕರಿಗೆ ಅನುಮತಿ ಇದ್ದವರು ಮಧ್ಯಾಹ್ನ ಮೆಸ್, ರಾತ್ರಿ ಕುಕ್ಕರ್. ನನಗೆ ಒಗ್ಗಿದ್ದು ಇದೇ, ಹಗಲು ಜನರ ಜೊತೆ ಊಟವೂ ಉಳಿಯಿತು. ಕೆಟಲಿಗೆ ಮಾತ್ರ ಅನುಮತಿ ಇದ್ದರೆ ಫ್ಲಾಸ್ಕ್, ಓಟ್ಸ್, ಸೋಯಾ ಚಂಕ್ಸ್. ಅಡುಗೆಮನೆ ಇದ್ದು ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳುವ ಶಿಸ್ತು ಇದ್ದರೆ ಬೇರೆ ಯಾವುದೂ ಬೇಕಿಲ್ಲ. ಆ ಶಿಸ್ತು ನಿಮಗಿದೆಯೇ ಎಂಬುದನ್ನು ನಿಮ್ಮ ಒಗೆಯದ ಬಟ್ಟೆಯ ರಾಶಿ ನೋಡಿ ತೀರ್ಮಾನಿಸಿ.

ಉಪಕರಣ ಕೊಳ್ಳುವ ಮೊದಲು ಅದರ ವ್ಯಾಟ್ ಬರೆದು ವಾರ್ಡನ್‌ಗೆ ಒಂದು ಚೀಟಿ ಕೊಟ್ಟು, ಸರಿ ಎಂದು ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ 'ಆಯ್ತು ಬಿಡಮ್ಮ' ಮುಂದಿನ ವಾರ್ಡನ್ ಬಂದಾಗ ನಡೆಯುವುದಿಲ್ಲ. ಬೇಳೆ ಹಾಕಿದ ನನ್ನ ಆ ಕೆಟಲ್ ವರ್ಷದ ಕೊನೆಗೆ ವಾಪಸು ಕೊಡುತ್ತೇವೆ ಎಂದಿದ್ದರು. ಎರಡು ಸಲ ಕೇಳಲು ಹೋದೆ. ಎರಡನೇ ಸಲ ಹೋದಾಗ ಆಫೀಸಿನಲ್ಲಿ ಅದರಲ್ಲೇ ಕಾಫಿಗೆ ನೀರು ಕಾಯುತ್ತಿತ್ತು.